ಕ್ಯಾಲಿಫೋರ್ನಿಯಾದ ಕೋಲ್ಡ್ ಸ್ಟೋರೇಜ್ ಮತ್ತು ಅದರ ಗ್ಯಾಸ್: ರಾಜ್ಯದ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಣ್ಣು, ತರಕಾರಿ, ಹಾಲು, ಮಾಂಸ ಇಡುವ ಕೋಲ್ಡ್ ಸ್ಟೋರೇಜ್ ನಡೆಸುವವರು, ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್‌ಗಳು, ಹೊಸದಾಗಿ ಕಟ್ಟಿಸಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕ್ಯಾಲಿಫೋರ್ನಿಯಾ ರಾಜ್ಯದ ನಿಯಮಗಳೇ ಇಲ್ಲಿನ ವಿಷಯ. ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳನ್ನು ಬೇಕಾದ ಕಡೆ ಮಾತ್ರ ಹೇಳಿದ್ದೇನೆ. ಯಂತ್ರದ ಪೈಪುಗಳಲ್ಲಿ ಸುತ್ತುತ್ತ ಕೋಣೆಯನ್ನು ತಂಪು ಮಾಡುವ ರೆಫ್ರಿಜರೆಂಟ್ ಅನ್ನು ಎಲ್ಲರೂ ಕರೆಯುವ ಹಾಗೆ ಗ್ಯಾಸ್ ಎಂದೇ ಕರೆದಿದ್ದೇನೆ.

ಕೋಣೆ ತಂಪು ಮಾಡುವ ಗ್ಯಾಸ್ ಮೇಲೆ ಸರ್ಕಾರಕ್ಕೆ ಇಷ್ಟೊಂದು ಕಣ್ಣು ಯಾಕೆ?

ಪೈಪಿನ ಒಳಗೆ ಇರುವಷ್ಟು ಹೊತ್ತು ಅದರಿಂದ ಯಾರಿಗೂ ತೊಂದರೆ ಇಲ್ಲ. ಹೊರಗೆ ಬಂದಾಗಲೇ ಸಮಸ್ಯೆ.

ಇದರ ಕಥೆ ಶುರುವಾಗಿದ್ದೂ ಕ್ಯಾಲಿಫೋರ್ನಿಯಾದಲ್ಲೇ. ಅರ್ವೈನ್‌ನ ವಿಶ್ವವಿದ್ಯಾಲಯದಲ್ಲಿದ್ದ ಶೆರ್ವುಡ್ ರೋಲ್ಯಾಂಡ್ ಮತ್ತು ಮಾರಿಯೋ ಮೊಲಿನಾ 1974ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆಗ ತಂಪು ಮಾಡಲು ಬಳಸುತ್ತಿದ್ದ ಸಿಎಫ್‌ಸಿ ಗ್ಯಾಸ್‌ಗಳು ಮೇಲಕ್ಕೆ ಹೋಗಿ ಓಝೋನ್ ಪದರವನ್ನು ಹಾಳು ಮಾಡುತ್ತವೆ ಎಂದು ಅದರಲ್ಲಿ ತೋರಿಸಿದ್ದರು. ಅಂಥ ಗ್ಯಾಸ್‌ಗಳನ್ನು ಇಳಿಸಲು ದೇಶಗಳ ನಡುವೆ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಇವರಿಬ್ಬರಿಗೆ ಪಾಲ್ ಕ್ರುಟ್ಸನ್ ಜೊತೆಗೆ 1995ರಲ್ಲಿ ನೊಬೆಲ್ ಬಂತು.

ಸಿಎಫ್‌ಸಿ ಹೋಗಿ ಎಚ್‌ಸಿಎಫ್‌ಸಿ ಬಂತು. ಆರ್-22 ಆ ಗುಂಪಿನದು. ಅದೂ ಓಝೋನ್‌ಗೆ ಸ್ವಲ್ಪ ಕೆಟ್ಟದ್ದೇ ಆಗಿದ್ದರಿಂದ ಎಚ್‌ಎಫ್‌ಸಿ ಬಂತು. ಆರ್-404ಎ, ಆರ್-507ಎ, ಆರ್-134ಎ ಎಲ್ಲ ಈ ಗುಂಪಿನವು. ಇವು ಓಝೋನ್ ಅನ್ನು ಮುಟ್ಟುವುದಿಲ್ಲ, ನಿಜ. ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಜೋರು. ಹಾಗಾಗಿ 2016ರಲ್ಲಿ ರ್ವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿ ತಂದು, ಎಚ್‌ಎಫ್‌ಸಿಯನ್ನೂ ಹಂತ ಹಂತವಾಗಿ ಇಳಿಸುವುದು ಎಂದು ದೇಶಗಳು ಒಪ್ಪಿಕೊಂಡವು.

ಕ್ಯಾಲಿಫೋರ್ನಿಯಾ ಅಲ್ಲಿಯವರೆಗೆ ಕಾಯಲಿಲ್ಲ. 2006ರಲ್ಲಿ ಬಂದ ಎಬಿ 32 ಎಂಬ ಹವಾಮಾನ ಕಾಯ್ದೆಯ ಅಡಿಯಲ್ಲಿ ತನ್ನದೇ ನಿಯಮ ಬರೆಯಿತು. 2016ರ ಎಸ್‌ಬಿ 1383 ಕಾಯ್ದೆಯಲ್ಲಿ ಗುರಿಯನ್ನೂ ಇಟ್ಟಿತು: 2013ರಲ್ಲಿ ಎಷ್ಟು ಎಚ್‌ಎಫ್‌ಸಿ ಗಾಳಿಗೆ ಹೋಗುತ್ತಿತ್ತೋ, 2030ರ ಹೊತ್ತಿಗೆ ಅದಕ್ಕಿಂತ ಶೇ. 40ರಷ್ಟು ಕಡಿಮೆಯಾಗಬೇಕು.

ಜಿಡಬ್ಲ್ಯುಪಿ ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಅದೇನು?

ಒಂದು ಕೆಜಿ ಗ್ಯಾಸ್ ಗಾಳಿಗೆ ಬಿಟ್ಟರೆ, ನೂರು ವರ್ಷದಲ್ಲಿ ಅದು ಎಷ್ಟು ಕೆಜಿ ಇಂಗಾಲದ ಡೈಆಕ್ಸೈಡ್‌ನಷ್ಟು ಬಿಸಿ ಮಾಡುತ್ತದೆ ಎಂಬ ಅಳತೆ. ಇಂಗಾಲದ ಡೈಆಕ್ಸೈಡ್‌ಗೆ 1. ಅಮೋನಿಯಾಗೆ 0. ಪ್ರೊಪೇನ್‌ಗೆ ಸುಮಾರು 3. ಆರ್-449ಎಗೆ 1,397. ಆರ್-134ಎಗೆ 1,430. ಆರ್-22ಗೆ 1,810. ಕೋಲ್ಡ್ ಸ್ಟೋರೇಜ್‌ಗಳಲ್ಲಿ ವರ್ಷಗಟ್ಟಲೆ ಬಳಸಿದ ಆರ್-404ಎಗೆ 3,922. ಆರ್-507ಎ ಅದಕ್ಕೂ ಸ್ವಲ್ಪ ಜಾಸ್ತಿ, 3,985.

ಲೆಕ್ಕ ಹಾಕಿ ನೋಡಿ. 100 ಪೌಂಡ್ ಆರ್-404ಎ ಅಂದರೆ ಸುಮಾರು 45 ಕೆಜಿ. ಅದು ಸೋರಿ ಹೋದರೆ 178 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಅಮೆರಿಕದಲ್ಲಿ ಒಂದು ಸಾಮಾನ್ಯ ಕಾರು ವರ್ಷಕ್ಕೆ ಸುಮಾರು 4.6 ಟನ್ ಬಿಡುತ್ತದೆ. ಸುಮಾರು 39 ಕಾರುಗಳು ವರ್ಷವಿಡೀ ಓಡಿದಷ್ಟಾಯಿತು. ದೊಡ್ಡ ಗೋದಾಮಿನಲ್ಲಿ 100 ಪೌಂಡ್ ಹೋದದ್ದು ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ.

ಈ ನಿಯಮದ ಹೆಸರೇನು? ನೋಡಿಕೊಳ್ಳುವವರು ಯಾರು?

ರೆಫ್ರಿಜರೆಂಟ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ. ಜಾರಿಗೆ ಬಂದದ್ದು 2011ರ ಜನವರಿ 1ರಂದು. ನೋಡಿಕೊಳ್ಳುವುದು ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್. ಎಲ್ಲರೂ ಕಾರ್ಬ್ ಅನ್ನುತ್ತಾರೆ.

ನನ್ನ ಪ್ಯಾಕಿಂಗ್ ಹೌಸ್‌ಗೆ ಇದು ಅನ್ವಯ ಆಗುತ್ತದಾ?

ಎರಡು ವಿಷಯ ನೋಡಿ. ಒಂದೇ ಸಿಸ್ಟಂನಲ್ಲಿ 50 ಪೌಂಡ್‌ಗಿಂತ, ಅಂದರೆ ಸುಮಾರು 23 ಕೆಜಿಗಿಂತ ಜಾಸ್ತಿ ಗ್ಯಾಸ್ ಇದೆಯಾ? ಆ ಗ್ಯಾಸಿನ ಜಿಡಬ್ಲ್ಯುಪಿ 150 ಅಥವಾ ಅದಕ್ಕಿಂತ ಹೆಚ್ಚಾ? ಎರಡಕ್ಕೂ ಹೌದು ಎಂದಾದರೆ ನಿಯಮ ನಿಮಗೆ ಅನ್ವಯಿಸುತ್ತದೆ. ಓಝೋನ್ ಹಾಳು ಮಾಡುವ ಆರ್-22ನಂಥ ಹಳೆಯ ಗ್ಯಾಸ್‌ಗಳೂ ಇದರಲ್ಲಿ ಬರುತ್ತವೆ.

ನೀವು ರೈತರೋ, ಸಹಕಾರಿ ಸಂಘವೋ, ದೊಡ್ಡ ಕಂಪನಿಯೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಸಲಿನಾಸ್‌ನಲ್ಲಿ ಲೆಟ್ಯೂಸ್ ತಂಪು ಮಾಡುವ ಶೆಡ್, ಫ್ರೆಸ್ನೋ ಬಳಿಯ ದ್ರಾಕ್ಷಿ ಗೋದಾಮು, ವಾಟ್ಸನ್‌ವಿಲ್‌ನ ಸ್ಟ್ರಾಬೆರಿ ಕೂಲರ್, ವೈನ್ ತಯಾರಿಸುವವರ ಚಿಲ್ಲರ್ ಎಲ್ಲಕ್ಕೂ ಅಳತೆಗೋಲು ಒಂದೇ: ಪೌಂಡ್ ಎಷ್ಟು, ಗ್ಯಾಸ್ ಯಾವುದು.

ಸಣ್ಣದು, ಮಧ್ಯಮ, ದೊಡ್ಡದು ಅಂತ ವಿಂಗಡಣೆ ಹೇಗೆ?

50ಕ್ಕಿಂತ ಜಾಸ್ತಿ, 200 ಪೌಂಡ್‌ಗಿಂತ ಕಡಿಮೆ ಇದ್ದರೆ ಸಣ್ಣದು. 200ರಿಂದ 2,000ದ ಒಳಗೆ ಮಧ್ಯಮ. 2,000 ಪೌಂಡ್ ಮತ್ತು ಅದಕ್ಕೂ ಮೇಲೆ ದೊಡ್ಡದು.

ನನ್ನ ಹತ್ತಿರ 30 ಪೌಂಡಿನ ಆರು ಯೂನಿಟ್ ಇವೆ. ಕೂಡಿಸಿದರೆ 180. ಆಗ?

ಕೂಡಿಸಬೇಕಾಗಿಲ್ಲ. ಗ್ಯಾಸ್ ಒಂದಕ್ಕೊಂದು ಸೇರದ ಹಾಗೆ ಬೇರೆ ಬೇರೆ ಸರ್ಕ್ಯೂಟ್ ಆಗಿದ್ದರೆ ಪ್ರತಿಯೊಂದೂ ಬೇರೆ ಸಿಸ್ಟಂ. ಇದರಿಂದ ಸಣ್ಣ ಕೂಲರ್‌ಗಳನ್ನು ಇಟ್ಟುಕೊಂಡವರು ಎಷ್ಟೋ ಜನ ನೋಂದಣಿಯಿಂದ ಹೊರಗೆ ಉಳಿಯುತ್ತಾರೆ. ಹಾಗಂತ ಗ್ಯಾಸನ್ನು ಬೇಕೆಂದೇ ಗಾಳಿಗೆ ಬಿಡಬಹುದು ಎಂದಲ್ಲ. ಅದಕ್ಕೆ ಪ್ರಮಾಣ ಎಷ್ಟೇ ಇದ್ದರೂ ನಿಷೇಧ ಇದೆ.

ನನ್ನ ಸಿಸ್ಟಂನಲ್ಲಿ ಎಷ್ಟು ಗ್ಯಾಸ್ ಇದೆ ಅಂತಲೇ ಗೊತ್ತಿಲ್ಲ. ಹೇಗೆ ತಿಳಿಯುವುದು?

ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ಯಂತ್ರದ ಮೇಲಿನ ನೇಮ್‌ಪ್ಲೇಟ್ ನೋಡಿ 40 ಪೌಂಡ್ ಎಂದುಕೊಳ್ಳುತ್ತಾರೆ. ಅದು ಫ್ಯಾಕ್ಟರಿಯಿಂದ ಬಂದ ಯೂನಿಟ್ಟಿನ ಲೆಕ್ಕ. ಆಮೇಲೆ ಕೋಣೆಯಿಂದ ಕೋಣೆಗೆ ಎಳೆದ ಪೈಪು, ಚಾವಣಿಯ ಮೇಲೆ ಶಾಖ ಹೊರಹಾಕುವ ಕಂಡೆನ್ಸರ್, ದ್ರವವಾದ ಗ್ಯಾಸ್ ನಿಲ್ಲುವ ರಿಸೀವರ್ ಟ್ಯಾಂಕ್, ಕೋಣೆಯೊಳಗೆ ತಂಪು ಕೊಡಲು ಹೊಸದಾಗಿ ಹಾಕಿಸಿದ ಎರಡು ಇವ್ಯಾಪೊರೇಟರ್ ಇವೆಲ್ಲದರಲ್ಲಿ ತುಂಬಿರುವ ಗ್ಯಾಸ್ ಆ ಪ್ಲೇಟಿನಲ್ಲಿ ಇರುವುದಿಲ್ಲ. ಅಲ್ಲೇ 40 ಹೋಗಿ 90 ಆಗಿರಬಹುದು.

ಸರಿಯಾದ ದಾರಿ ಕೆಲವಿವೆ. ತಯಾರಕರು ಕೊಟ್ಟ ಒಟ್ಟು ಚಾರ್ಜ್, ಅಂದರೆ ಸಿಸ್ಟಂ ಪೂರ್ತಿ ಹಿಡಿಯುವ ಗ್ಯಾಸಿನ ಲೆಕ್ಕ ಇದ್ದರೆ ಅದು. ಇಲ್ಲದಿದ್ದರೆ ಪೈಪಿನ ಉದ್ದ, ಅಳತೆ, ಟ್ಯಾಂಕಿನ ಗಾತ್ರ ಹಿಡಿದು ಟೆಕ್ನಿಷಿಯನ್ ಲೆಕ್ಕ ಹಾಕಬೇಕು. ಗ್ಯಾಸ್ ಪೂರ್ತಿ ಹೊರಗೆ ತೆಗೆದು ಮತ್ತೆ ತುಂಬಿಸುವ ಕೆಲಸ ಬಂದಾಗ ತೂಕ ಮಾಡಿ ಬರೆದಿಟ್ಟುಕೊಂಡರೆ ಅದಕ್ಕಿಂತ ಖಚಿತವಾದದ್ದು ಬೇರೆ ಇಲ್ಲ. ಒಮ್ಮೆ ತಿಳಿದ ಮೇಲೆ ಆ ಅಂಕಿಯನ್ನು ಮಷಿನ್ ರೂಮಿನ ಗೋಡೆಯ ಮೇಲೆ ಬರೆದು ಹಾಕಿಸಿ. ಮುಂದಿನ ಎಲ್ಲ ಪ್ರಶ್ನೆಗಳಿಗೂ ಉತ್ತರ ಆ ಅಂಕಿಯ ಮೇಲೇ ನಿಂತಿದೆ.

ನೋಂದಣಿ, ಶುಲ್ಕ, ವರದಿ?

ಆರ್‌3 ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ನಿಯಮ ಬಂದಾಗ ದೊಡ್ಡವರಿಗೆ 2012, ಮಧ್ಯಮದವರಿಗೆ 2014, ಸಣ್ಣವರಿಗೆ 2016ರ ಮಾರ್ಚ್ 1 ಎಂದು ಬೇರೆ ಬೇರೆ ಗಡುವು ಇಟ್ಟಿದ್ದರು. ಅವೆಲ್ಲ ಯಾವತ್ತೋ ಮುಗಿದಿವೆ.

ದೊಡ್ಡ ಸಿಸ್ಟಂ ಇರುವ ಕಡೆ ವರ್ಷಕ್ಕೆ 370 ಡಾಲರ್, ಮಧ್ಯಮಕ್ಕೆ 170 ಡಾಲರ್ ಎಂದು ನಿಯಮದಲ್ಲಿ ಶುಲ್ಕ ನಿಗದಿಯಾಗಿತ್ತು. ಸಣ್ಣವರಿಗೆ ಶುಲ್ಕ ಇಲ್ಲ. ಪ್ರತಿ ವರ್ಷ ಮಾರ್ಚ್ 1ರ ಒಳಗೆ ಹಿಂದಿನ ವರ್ಷದ ವರದಿಯನ್ನೂ ದೊಡ್ಡವರು ಮತ್ತು ಮಧ್ಯಮದವರು ಮಾತ್ರ ಕೊಡಬೇಕು. ಎಷ್ಟು ಗ್ಯಾಸ್ ಕೊಂಡಿರಿ, ಎಷ್ಟು ತುಂಬಿಸಿದಿರಿ, ಯಾವಾಗ ಲೀಕ್ ಆಯಿತು, ಯಾರು ರಿಪೇರಿ ಮಾಡಿದರು ಎಂಬ ವಿವರ ಅದರಲ್ಲಿರುತ್ತದೆ.

ಲೀಕ್ ತಪಾಸಣೆ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?

ಸಣ್ಣ ಸಿಸ್ಟಂಗೆ ವರ್ಷಕ್ಕೊಮ್ಮೆ. ಮಧ್ಯಮಕ್ಕೆ ಮೂರು ತಿಂಗಳಿಗೊಮ್ಮೆ. ದೊಡ್ಡದು ವರ್ಷಪೂರ್ತಿ ನಡೆಯುವಂಥದ್ದಾಗಿ ಕಟ್ಟಡದ ಒಳಗೇ ಇದ್ದರೆ ಅಲ್ಲಿ ತಾನಾಗಿ ಲೀಕ್ ಹಿಡಿಯುವ ಸೆನ್ಸರ್ ವ್ಯವಸ್ಥೆ ಬೇಕು. ಸೆನ್ಸರ್ ಇಲ್ಲದ ಭಾಗಗಳನ್ನು ಕೈಯಿಂದ ತಪಾಸಣೆ ಮಾಡಬೇಕು.

ಸೆನ್ಸರ್ ಸುಮ್ನೆ ಗೋಡೆಗೆ ಅಂಟಿಸಿದರೆ ಸಾಲದು. ಗಾಳಿಯನ್ನು ನೇರವಾಗಿ ಪರೀಕ್ಷಿಸುವಂಥದ್ದಾದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 10 ಪಾಲು ಗ್ಯಾಸ್ ಇದ್ದರೂ ಹಿಡಿಯಬೇಕು, 100 ಪಾಲು ಆದಾಗ ಅಲಾರಂ ಹೊಡೆಯಬೇಕು. ಒತ್ತಡ, ಉಷ್ಣತೆ, ಟ್ಯಾಂಕಿನ ಮಟ್ಟ ನೋಡಿ ಅಂದಾಜಿಸುವ ಇನ್ನೊಂದು ಬಗೆಯೂ ಇದೆ. ಅದು 50 ಪೌಂಡ್ ಅಥವಾ ಒಟ್ಟು ಚಾರ್ಜಿನ ಶೇ. 10, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹೋದ ಕೂಡಲೇ ಎಚ್ಚರಿಸಬೇಕು.

ಇನ್ನೆರಡು ಸಂದರ್ಭದಲ್ಲಿ ಕ್ಯಾಲೆಂಡರ್ ನೋಡುತ್ತ ಕೂರುವ ಹಾಗಿಲ್ಲ. ಒಂದು, 5 ಪೌಂಡ್ ಅಥವಾ ಚಾರ್ಜಿನ ಶೇ. 1, ಯಾವುದು ಜಾಸ್ತಿಯೋ ಅಷ್ಟು ಗ್ಯಾಸ್ ಮೇಲಿನಿಂದ ತುಂಬಿಸಬೇಕಾಗಿ ಬಂದಾಗ. ಇನ್ನೊಂದು, ಪೈಪಿನ ಜಾಯಿಂಟ್ ಹತ್ತಿರ ಎಣ್ಣೆಯ ಜಿಡ್ಡು ಕಂಡಾಗ. ಕಂಪ್ರೆಸರ್ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸ್ ಸೋರಿ ಗಾಳಿಗೆ ಹೋದರೂ ಎಣ್ಣೆ ಅಲ್ಲೇ ಉಳಿಯುತ್ತದೆ. ನೆಲ ಗುಡಿಸುವವರಿಗೂ ಈ ಜಿಡ್ಡು ಗುರುತಿಸಲು ಹೇಳಿಕೊಟ್ಟರೆ ಒಳ್ಳೆಯದು. ದುಬಾರಿ ಸೆನ್ಸರ್‌ಗಿಂತ ಮೊದಲು ಅವರ ಕಣ್ಣಿಗೆ ಬೀಳಬಹುದು.

ಕೃಷಿ ಗೋದಾಮುಗಳಲ್ಲಿ ಲೀಕ್ ಜಾಸ್ತಿ ಆಗುವುದು ಎಲ್ಲಿ?

ನಿಯಮದಲ್ಲಿ ಇದು ಬರೆದಿರುವುದಿಲ್ಲ, ಆದರೂ ತಿಳಿದಿರಬೇಕು. ವಾಲ್ವ್ ತಿರುಗಿಸುವ ಕಡ್ಡಿ (ಸ್ಟೆಮ್), ಮುಚ್ಚಳ ಕಳೆದುಹೋದ ಸರ್ವಿಸ್ ಪೋರ್ಟ್, ಫ್ಲೇರ್ ಜಾಯಿಂಟ್, ಕಂಪ್ರೆಸರ್ ಅದುರುವಿಕೆಗೆ ಸಡಿಲವಾದ ಪೈಪ್ ಹಿಡಿಕೆ ಇವು ಎಲ್ಲ ಕಡೆಯ ಮಾಮೂಲಿ ಜಾಗಗಳು. ಫೋರ್ಕ್‌ಲಿಫ್ಟ್ ತಾಗಿ ಬಾಗಿದ ಪೈಪೂ ಹಾಗೇ.

ದ್ರಾಕ್ಷಿ ಗೋದಾಮಿನಲ್ಲಿ ಇನ್ನೊಂದು ಇದೆ. ಬೂಷ್ಟು ಹಿಡಿಯದಿರಲಿ ಎಂದು ದ್ರಾಕ್ಷಿಗೆ ಸಲ್ಫರ್ ಡೈಆಕ್ಸೈಡ್ ಹೊಗೆ ಕೊಡುತ್ತಾರೆ. ಕಾಯಿಲಿನ ಮೇಲಿನ ತೇವದ ಜೊತೆ ಅದು ಸೇರಿದರೆ ಆಮ್ಲವಾಗಿ ಲೋಹವನ್ನು ತಿನ್ನಲು ಶುರು ಮಾಡುತ್ತದೆ. ವಿನೆಗರ್ ಅಥವಾ ಹಣ್ಣಿನ ಹುಳಿ ಆವಿ ಇರುವ ಸಂಸ್ಕರಣಾ ಘಟಕಗಳಲ್ಲಿ ತಾಮ್ರದ ಕಾಯಿಲ್‌ಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಾಗುತ್ತವೆ. ಇಂಥ ಜಾಗದಲ್ಲಿ ಕಾಯಿಲ್ ಯಾವ ಲೋಹದ್ದು, ಲೇಪನ ಇದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು.

ನಮ್ಮದು ಸೀಸನ್‌ನಲ್ಲಿ ಮಾತ್ರ ನಡೆಯುತ್ತದೆ. ಬಾಕಿ ತಿಂಗಳು ಬಂದ್. ಆಗಲೂ ತಪಾಸಣೆ ಬೇಕಾ?

ಬಂದ್ ಇರುವಾಗ ಬೇಡ. ಸೀಸನ್ ಶುರುವಾದ 30 ದಿನದೊಳಗೆ ಒಮ್ಮೆ, ಆಮೇಲೆ ಮತ್ತೆ ನಿಲ್ಲಿಸುವವರೆಗೆ ಮೂರು ತಿಂಗಳಿಗೊಮ್ಮೆ.

ನನ್ನ ಸಲಹೆ ಬೇರೆ: ಹಣ್ಣು ಬರುವ ಮೊದಲೇ ಮಾಡಿಸಿ. 30 ದಿನ ಎನ್ನುವುದು ಕಾನೂನಿನ ಕೊನೆ ಗಡುವು. ಕೊಯ್ದ ಸ್ಟ್ರಾಬೆರಿ ಕೆಲವೇ ಗಂಟೆಯಲ್ಲಿ ತಣ್ಣಗಾಗಬೇಕು. ಟ್ರಕ್ಕುಗಳು ಸಾಲುಗಟ್ಟಿದ ದಿನ ಗ್ಯಾಸ್ ಕಡಿಮೆ ಇದೆ ಎಂದು ತಿಳಿದರೆ ಟೆಕ್ನಿಷಿಯನ್ ಸಿಗುವುದೇ ಕಷ್ಟ. ಆ ವಾರ ಎಲ್ಲರೂ ಅವರನ್ನೇ ಹುಡುಕುತ್ತಿರುತ್ತಾರೆ.

ಲೀಕ್ ಸಿಕ್ಕಿತು. ಎಷ್ಟು ಸಮಯ ಇದೆ?

14 ದಿನ. ರಿಪೇರಿ ಮಾಡುವವರು ಕೇಂದ್ರ ಸರ್ಕಾರದ ಪರಿಸರ ಸಂಸ್ಥೆಯಾದ ಇಪಿಎಯ ಸೆಕ್ಷನ್ 608 ಪ್ರಮಾಣಪತ್ರ (ಗ್ಯಾಸ್ ಕೆಲಸ ಮಾಡಲು ಬೇಕಾದದ್ದು) ಇರುವ ಟೆಕ್ನಿಷಿಯನ್ ಆಗಿರಬೇಕು. ರಿಪೇರಿ ಆದ ಕೂಡಲೇ ಒಂದು ಪರೀಕ್ಷೆ, ಯಂತ್ರ ಮತ್ತೆ ಮಾಮೂಲಿಯಾಗಿ ಓಡಲು ಶುರುವಾದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ ಲೀಕ್ ನಿಂತಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಟೆಕ್ನಿಷಿಯನ್ ಸಿಗಲಿಲ್ಲ, ಬಿಡಿಭಾಗ ಬರಲಿಲ್ಲ ಎಂಬ ಕಾರಣ ಇದ್ದರೆ 45 ದಿನದವರೆಗೆ ಅವಕಾಶ ಇದೆ. ಕಾರ್ಖಾನೆಯ ಪ್ರಕ್ರಿಯೆಯನ್ನೇ ನಿಲ್ಲಿಸಬೇಕಾದಂಥ ಕೆಲವು ಸಂದರ್ಭದಲ್ಲಿ 120 ದಿನ. ಕಾರಣಕ್ಕೆ ದಾಖಲೆ ಇಟ್ಟಿರಬೇಕು, ಬಾಯಿಮಾತು ಸಾಲದು. ರಿಪೇರಿಯಿಂದ ಸರಿಹೋಗುವುದೇ ಇಲ್ಲ ಎಂದಾದರೆ ಸಿಸ್ಟಂ ಬದಲಾಯಿಸುವ ಅಥವಾ ನಿವೃತ್ತಿ ಮಾಡುವ ಯೋಜನೆ ಬರೆದು ಆರು ತಿಂಗಳಲ್ಲಿ ಮುಗಿಸಬೇಕು.

ಇಡೀ ನಿಯಮದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ ಭಾಗ. ಕೇಂದ್ರದ ನಿಯಮದಲ್ಲಿ ರಿಪೇರಿ ಕಡ್ಡಾಯ ಆಗಬೇಕಾದರೆ ಲೀಕ್ ಒಂದು ಮಟ್ಟ ದಾಟಬೇಕು. ಕೋಲ್ಡ್ ಸ್ಟೋರೇಜ್ ಸೇರುವ ವಾಣಿಜ್ಯ ವಿಭಾಗಕ್ಕೆ ಅದು ವರ್ಷಕ್ಕೆ ಶೇ. 20, ಕಾರ್ಖಾನೆ ಪ್ರಕ್ರಿಯೆಗೆ ಶೇ. 30. ಅಂದರೆ 1,500 ಪೌಂಡಿನ ಸಿಸ್ಟಂನಿಂದ ವರ್ಷಕ್ಕೆ 250 ಪೌಂಡ್ ಸೋರಿದರೂ ಆ ಮಿತಿ ದಾಟುವುದಿಲ್ಲ. ಕ್ಯಾಲಿಫೋರ್ನಿಯಾ ಶೇಕಡಾವಾರು ಲೆಕ್ಕಕ್ಕೇ ಹೋಗಿಲ್ಲ. ಲೀಕ್ ಕಂಡಿತಾ, ಸರಿಮಾಡು. ಅಷ್ಟೇ. ಸಣ್ಣ ಲೀಕ್ ತಾನಾಗಿ ಸಣ್ಣದಾಗಿಯೇ ಉಳಿಯುವುದಿಲ್ಲ ಅಲ್ವಾ? ಅದನ್ನು ದೊಡ್ಡದಾಗಲು ಬಿಟ್ಟು ಆಮೇಲೆ ಕಾನೂನು ತೋರಿಸುವುದಕ್ಕಿಂತ ಈ ದಾರಿ ನೂರಕ್ಕೆ ನೂರು ಸರಿ.

ಪ್ರತಿ ತಿಂಗಳು ಸ್ವಲ್ಪ ಗ್ಯಾಸ್ ತುಂಬಿಸಿಕೊಂಡು ಹೋದರೆ ಏನಾಗುತ್ತದೆ?

ಮೊದಲು ನಿಮ್ಮ ಜೇಬಿಗೆ ಆಗುತ್ತದೆ. ಗ್ಯಾಸ್ ಕಡಿಮೆಯಾದ ಸಿಸ್ಟಂನಲ್ಲಿ ಇವ್ಯಾಪೊರೇಟರ್ ಪೂರ್ತಿ ಕೆಲಸ ಮಾಡುವುದಿಲ್ಲ. ಕೋಣೆ ತಣ್ಣಗಾಗಲು ಹೆಚ್ಚು ಹೊತ್ತು ಬೇಕು. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಬಿಸಿಯಾಗುತ್ತದೆ. ಕರೆಂಟ್ ಬಿಲ್ ಏರುತ್ತದೆ. ಹಣ್ಣಿನ ಬಾಳಿಕೆ ಇಳಿಯುತ್ತದೆ. ಇದೆಲ್ಲ ಗ್ಯಾಸಿನ ದುಡ್ಡಿನ ಮೇಲಿನ ಖರ್ಚು.

ಆಮೇಲೆ ಕಾನೂನು. ಗ್ಯಾಸ್ ಮಾರುವವರೂ ಕಾರ್ಬ್‌ಗೆ ಲೆಕ್ಕ ಕೊಡುತ್ತಾರೆ. ಕೊಂಡದ್ದು ಎಷ್ಟು, ತುಂಬಿಸಿದ್ದು ಎಷ್ಟು ಎಂದು ತಾಳೆ ನೋಡಿದರೆ ಲೀಕ್ ತಾನಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿ ಮುಖ್ಯ ಕಚೇರಿ ಇದ್ದ ಸೇಫ್‌ವೇ ಅಂಗಡಿ ಸರಪಳಿ ಆರ್-22 ಲೀಕ್ ಪ್ರಕರಣದಲ್ಲಿ 2013ರಲ್ಲಿ ಕೇಂದ್ರ ಸರ್ಕಾರದ ಜೊತೆ ರಾಜಿ ಮಾಡಿಕೊಂಡು 6 ಲಕ್ಷ ಡಾಲರ್ ದಂಡ ಕಟ್ಟಿತು. ಜೊತೆಗೆ ಕಂಪನಿಯ ಸರಾಸರಿ ಲೀಕ್ ಪ್ರಮಾಣವನ್ನು ಶೇ. 25ರಿಂದ ಶೇ. 18ಕ್ಕೆ ಇಳಿಸಲು ಒಪ್ಪಿಕೊಂಡಿತು.

ದಾಖಲೆ ಎಷ್ಟು ವರ್ಷ ಇಡಬೇಕು?

ಐದು ವರ್ಷ. ತಪಾಸಣೆ, ರಿಪೇರಿ, ಗ್ಯಾಸ್ ಖರೀದಿಯ ಬಿಲ್, ಟೆಕ್ನಿಷಿಯನ್ ಪ್ರಮಾಣಪತ್ರದ ವಿವರ ಎಲ್ಲವೂ. ಅಧಿಕಾರಿ ಬಂದಾಗ ಅಲ್ಲೇ ತೋರಿಸುವಂತಿರಬೇಕು.

ನಮ್ಮದು ಅಮೋನಿಯಾ. ನಮಗೆ ಈ ತಲೆನೋವು ಇಲ್ಲ ಅಲ್ವಾ?

ಈ ನಿಯಮದ ಮಟ್ಟಿಗೆ ಇಲ್ಲ. ಅಮೋನಿಯಾದ ಜಿಡಬ್ಲ್ಯುಪಿ ಸೊನ್ನೆ. ನೋಂದಣಿಯೂ ಬೇಡ, ಶುಲ್ಕವೂ ಇಲ್ಲ. ಆದರೆ ಅಮೋನಿಯಾಗೆ ಬೇರೆಯೇ ಕಾನೂನುಗಳಿವೆ, ಅವು ಇದಕ್ಕಿಂತ ಗಂಭೀರ. ಯಾಕೆಂದರೆ ಅಲ್ಲಿ ಅಪಾಯ ಇರುವುದು ಮನುಷ್ಯರ ಜೀವಕ್ಕೆ.

ದೊಡ್ಡ ಗೋದಾಮುಗಳಲ್ಲಿ ಅಮೋನಿಯಾ ಇಷ್ಟು ವರ್ಷ ಉಳಿದುಕೊಂಡದ್ದಕ್ಕೆ ಕಾರಣ ಇದೆ. ಆವಿಯಾಗುವಾಗ ಒಂದು ಕೆಜಿ ಅಮೋನಿಯಾ ಹೀರುವ ಶಾಖ ಎಚ್‌ಎಫ್‌ಸಿಗಳಿಗಿಂತ ಹಲವು ಪಟ್ಟು ಜಾಸ್ತಿ. ಬೆಲೆಯೂ ಕಡಿಮೆ. ಸ್ವಲ್ಪ ಸೋರಿದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು ಆದರೆ ತಕ್ಷಣದ ಪ್ರಾಣಾಪಾಯದ ಮಟ್ಟ ಎಂದು ಲೆಕ್ಕ. ಗಾಳಿಯಲ್ಲಿ ಸುಮಾರು ಶೇ. 15ರಿಂದ 28ರಷ್ಟು ಸೇರಿದರೆ ಬೆಂಕಿಯೂ ಹತ್ತಬಹುದು. ಸೇಬಿನಂಥ ಹಣ್ಣಿಗೆ ತಾಗಿದರೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಇಡೀ ಕೋಣೆಯ ಮಾಲು ಹಾಳಾಗುತ್ತದೆ.

ಕೇಂದ್ರದ ಸುರಕ್ಷತಾ ನಿಯಮಗಳು 10,000 ಪೌಂಡಿನಿಂದ ಶುರುವಾಗುತ್ತವೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಪ್ ಎಂಬ ಅಪಘಾತ ತಡೆ ಕಾರ್ಯಕ್ರಮದಲ್ಲಿ ಮಿತಿ 500 ಪೌಂಡ್ ಮಾತ್ರ. 500ಕ್ಕಿಂತ ಹೆಚ್ಚು ಅಮೋನಿಯಾ ಇರುವವರು ಸ್ಥಳೀಯ ಏಜೆನ್ಸಿಯೊಂದಿಗೆ ಮಾತಾಡಲೇಬೇಕು. ಅಪಾಯದ ವಿಶ್ಲೇಷಣೆ, ತರಬೇತಿ, ತುರ್ತು ಯೋಜನೆ ಎಲ್ಲ ಬೇಕಾಗುತ್ತದೆ.

ಇಲ್ಲೊಂದು ಗೊಂದಲ ಆಗುತ್ತದೆ. ಅಮೋನಿಯಾದವರು ಬರೆಯುವ ರಿಸ್ಕ್ ಮ್ಯಾನೇಜ್‌ಮೆಂಟ್ ಪ್ಲ್ಯಾನ್ ಕೂಡ ಆರ್‌ಎಂಪಿ, ಕಾರ್ಬ್‌ನ ಕಾರ್ಯಕ್ರಮವೂ ಆರ್‌ಎಂಪಿ. ಕಚೇರಿಗೆ ಫೋನ್ ಮಾಡುವಾಗ ಯಾವುದು ಎಂದು ಬಿಡಿಸಿ ಹೇಳಿ.

ಇಂಗಾಲದ ಡೈಆಕ್ಸೈಡನ್ನೇ ಗ್ಯಾಸ್ ಆಗಿ ಬಳಸಬಹುದಂತೆ. ರಾಜ್ಯದ ಮಧ್ಯದ ಸೆಂಟ್ರಲ್ ವ್ಯಾಲಿಯ ಬಿಸಿಲಿಗೆ ಅದು ತಾಳುತ್ತದಾ?

ತಾಳುತ್ತದೆ, ಆದರೆ ವಿನ್ಯಾಸ ಸರಿ ಇರಬೇಕು. ಸಮಸ್ಯೆ ಇಷ್ಟು: 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಂಗಾಲದ ಡೈಆಕ್ಸೈಡನ್ನು ಎಷ್ಟು ಒತ್ತಿದರೂ ದ್ರವ ಆಗುವುದಿಲ್ಲ. ಆ ಕಣಿವೆಯ ಫ್ರೆಸ್ನೋದಲ್ಲಿ ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ದಾಟುವುದು ಮಾಮೂಲಿ. ಆಗ ಒತ್ತಡ ಬಹಳ ಏರುತ್ತದೆ, ಕರೆಂಟ್ ಜಾಸ್ತಿ ತಿನ್ನುತ್ತದೆ. ನೀರಿನ ತಂಪಿನಿಂದ ಕೆಲಸ ಮಾಡುವ ಗ್ಯಾಸ್ ಕೂಲರ್, ಪ್ಯಾರಲಲ್ ಕಂಪ್ರೆಷನ್, ಎಜೆಕ್ಟರ್ ಎಂಬ ಕರೆಂಟ್ ಖರ್ಚು ತಗ್ಗಿಸುವ ವ್ಯವಸ್ಥೆಗಳನ್ನು ಹಾಕಿ ಇದನ್ನು ಹಿಡಿತಕ್ಕೆ ತರುತ್ತಾರೆ. ದೊಡ್ಡ ಗೋದಾಮುಗಳಿಗೆ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಜೋಡಿ ಇನ್ನೂ ಚೆನ್ನ. ಅಮೋನಿಯಾ ಮಷಿನ್ ರೂಮಿನಲ್ಲೇ ಉಳಿಯುತ್ತದೆ. ಜನ ಓಡಾಡುವ, ಮಾಲು ಇಡುವ ಕೋಣೆಗೆ ಹೋಗುವುದು ಇಂಗಾಲದ ಡೈಆಕ್ಸೈಡ್ ಮಾತ್ರ. ಹೊಸದಾಗಿ ದೊಡ್ಡದು ಕಟ್ಟಿಸುವವರಿಗೆ ನಾನು ಮೊದಲು ಹೇಳುವುದು ಈ ಜೋಡಿಯನ್ನೇ.

ಹಳೆಯ ಆರ್-22 ಸಿಸ್ಟಂ ಇನ್ನೂ ಓಡಿಸಬಹುದಾ?

ಓಡಿಸಬಹುದು. ಅಮೆರಿಕದಲ್ಲಿ ಹೊಸ ಆರ್-22 ತಯಾರಿಕೆ ಮತ್ತು ಆಮದು 2020ರ ಜನವರಿ 1ರಿಂದ ನಿಂತಿದೆ. ಹಳೆ ದಾಸ್ತಾನು ಅಥವಾ ಶುದ್ಧ ಮಾಡಿ ಮರುಮಾರಾಟಕ್ಕೆ ಬಂದದ್ದು ಮಾತ್ರ ಸಿಗುತ್ತದೆ. ಲೀಕ್ ನಿಯಮ ಪೂರ್ತಿ ಅನ್ವಯ.

ಆರ್-404ಎ?

ಇರುವ ಸಿಸ್ಟಂ ನಡೆಸಬಹುದು. ಹೊಸ ಕೋಲ್ಡ್ ಸ್ಟೋರೇಜ್‌ಗೆ ಆರ್-404ಎ, ಆರ್-507ಎ ಹಾಕುವುದನ್ನು 2023ರ ಜನವರಿ 1ರಿಂದ ರಾಜ್ಯ ನಿಷೇಧಿಸಿದೆ. ಅದಕ್ಕಿಂತ ಬಿಗಿಯಾದ ಇನ್ನೊಂದು ನಿಯಮ ಮೊದಲೇ ಬಂದಿತ್ತು, ಮುಂದೆ ಹೇಳುತ್ತೇನೆ.

ನಡೆಸುವವರಿಗೂ ಒಂದು ಸಂಗತಿ ಇದೆ. 2022ರ ಎಸ್‌ಬಿ 1206 ಕಾಯ್ದೆಯ ಪ್ರಕಾರ ಜಿಡಬ್ಲ್ಯುಪಿ 2,200ಕ್ಕಿಂತ ಹೆಚ್ಚಿರುವ ಹೊಸ ಎಚ್‌ಎಫ್‌ಸಿಯನ್ನು 2025ರ ಜನವರಿ 1ರಿಂದ ರಾಜ್ಯದಲ್ಲಿ ಸಿಲಿಂಡರ್‌ನಂಥ ಪಾತ್ರೆಗಳಲ್ಲಿ ತುಂಬಿ ಮಾರುವಂತಿಲ್ಲ. ಈ ಮಿತಿ 2030ಕ್ಕೆ 1,500, 2033ಕ್ಕೆ 750 ಆಗುತ್ತದೆ. ಹಳೆಯ ಯಂತ್ರಗಳಿಂದ ತೆಗೆದು ಶುದ್ಧ ಮಾಡಿದ ಗ್ಯಾಸ್‌ಗೆ ಈ ತಡೆ ಇಲ್ಲ. ಆರ್-404ಎ ಜಿಡಬ್ಲ್ಯುಪಿ 3,922 ಎಂಬುದು ನೆನಪಿದೆಯಲ್ಲ? ಅಂದರೆ ಇನ್ನು ಮೇಲೆ ಅದು ಸಿಗುವುದು ಮರುಬಳಕೆಯ ದಾರಿಯಲ್ಲಿ ಮಾತ್ರ. ಸೋರಿಸಿಕೊಂಡು ಕೂರುವವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ.

ಆರ್-404ಎ ತೆಗೆದು ಬೇರೆ ಗ್ಯಾಸ್ ತುಂಬಿಸಿದರೆ ಸಾಕಾಗುವುದಿಲ್ಲವೇ?

ಆರ್-448ಎ, ಆರ್-449ಎಯಂಥವು ಇದಕ್ಕೆಂದೇ ಬಂದಿವೆ. ಜಿಡಬ್ಲ್ಯುಪಿ 1,400ರ ಆಸುಪಾಸು, ಮೊದಲಿದ್ದದ್ದರ ಸುಮಾರು ಮೂರನೇ ಒಂದು ಪಾಲು. ವಾಲ್ವ್ ಹೊಂದಾಣಿಕೆ, ಸೀಲ್ ಬದಲಾವಣೆ, ಕಂಟ್ರೋಲ್ ಸೆಟ್ಟಿಂಗ್ ಮಾಡಿಸಬೇಕು. ಆರ್-22ರಿಂದ ಹೋಗುವವರು ಕಂಪ್ರೆಸರ್ ಎಣ್ಣೆಯನ್ನೂ ಬದಲಿಸಬೇಕಾಗಿ ಬರುತ್ತದೆ.

ಹತ್ತು ವರ್ಷ ಬಾಳಿಕೆ ಉಳಿದಿರುವ ಯಂತ್ರಕ್ಕೆ ಇದು ಒಳ್ಳೆಯ ದಾರಿ. ಇನ್ನೆರಡು ವರ್ಷದಲ್ಲಿ ಗುಜರಿಗೆ ಹೋಗುವ ಯಂತ್ರಕ್ಕೆ ಈ ಖರ್ಚು ದಂಡ. ಅಲ್ಲಿಯವರೆಗೆ ಲೀಕ್ ನಿಲ್ಲಿಸಿ, ದುಡ್ಡು ಹೊಸದಕ್ಕೆ ಕೂಡಿಡಿ. ಗ್ಯಾಸ್ ಬದಲಿಸಿದರೂ ಜಿಡಬ್ಲ್ಯುಪಿ 150ಕ್ಕಿಂತ ಮೇಲೆಯೇ ಇರುವುದರಿಂದ ನೋಂದಣಿ, ತಪಾಸಣೆ ತಪ್ಪುವುದಿಲ್ಲ.

ಒಂದು ಮಾತು ಮರೆಯಬೇಡಿ. ಅಗ್ಗಕ್ಕೆ ಸಿಗುತ್ತದೆ ಎಂದು ಪ್ರೊಪೇನನ್ನು ಅದಕ್ಕಾಗಿ ವಿನ್ಯಾಸ ಮಾಡದ ಹಳೆ ಸಿಸ್ಟಂಗೆ ಯಾವತ್ತೂ ತುಂಬಿಸಬೇಡಿ. ಯಾರೇ ಹೇಳಿದರೂ ಬೇಡ. ಅದು ಸ್ಫೋಟಕ್ಕೆ ದಾರಿ.

ಹೊಸ ಕೋಲ್ಡ್ ಸ್ಟೋರೇಜ್ ಕಟ್ಟಿಸುತ್ತಿದ್ದೇನೆ. ಯಾವ ಗ್ಯಾಸ್ ಹಾಕಬಹುದು?

50 ಪೌಂಡ್‌ಗಿಂತ ಜಾಸ್ತಿ ಹಿಡಿಯುವ ಸಿಸ್ಟಂ ಆದರೆ, ಹೊಸ ಕಟ್ಟಡದಲ್ಲಿ ಜಿಡಬ್ಲ್ಯುಪಿ 150ಕ್ಕಿಂತ ಕಡಿಮೆಯೇ ಇರಬೇಕು. 2022ರ ಜನವರಿ 1ರಿಂದ ಈ ನಿಯಮ ಇದೆ. ಮೇಲೆ ಹೇಳಿದ ಬಿಗಿ ನಿಯಮ ಇದೇ. ಅಲ್ಲಿಗೆ ಆರ್-404ಎ ಹಾಗಿರಲಿ, ಆರ್-449ಎ ಕೂಡ ಹೊರಗೆ. ಉಳಿಯುವುದು ಅಮೋನಿಯಾ, ಇಂಗಾಲದ ಡೈಆಕ್ಸೈಡ್, ಎರಡರ ಜೋಡಿ, ಮತ್ತೆ ಕೆಲವು ಹೊಸ ಮಿಶ್ರಣಗಳು. ಬೇರೆ ಕೆಲಸಕ್ಕಿದ್ದ ಹಳೆ ಕಟ್ಟಡವನ್ನು ಕೋಲ್ಡ್ ಸ್ಟೋರೇಜ್ ಮಾಡಿಕೊಂಡರೂ ಹೊಸದೆಂದೇ ಲೆಕ್ಕ. ಇರುವ ಸಿಸ್ಟಂ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಿ ಖರ್ಚು ಇಡೀ ಸಿಸ್ಟಂ ಬೆಲೆಯ ಅರ್ಧ ದಾಟಿದರೆ ಅದನ್ನೂ ಹೊಸ ಯಂತ್ರ ಎಂದು ನೋಡುತ್ತಾರೆ. ಹಾಗಾಗಿ ದೊಡ್ಡ ದುರಸ್ತಿಗೆ ಕೈ ಹಾಕುವ ಮೊದಲು ಕಾರ್ಬ್‌ಗೆ ಬರೆದು ಕೇಳಿ, ಉತ್ತರವನ್ನು ಫೈಲಿನಲ್ಲಿಡಿ.

ಕೇಂದ್ರದ ಇಪಿಎ ಕೂಡ 2023ರಲ್ಲಿ ಹೊಸ ಕೋಲ್ಡ್ ಸ್ಟೋರೇಜ್‌ಗಳಿಗೆ ಮಿತಿ ಬರೆದು, 2026ರ ಜನವರಿ 1ರ ದಿನ ಇಟ್ಟಿತ್ತು. 200 ಪೌಂಡ್ ಮತ್ತು ಮೇಲಿನವಕ್ಕೆ 150, ಅದಕ್ಕಿಂತ ಸಣ್ಣವಕ್ಕೆ 300. 2025ರಲ್ಲಿ ಇದನ್ನು ಸಡಿಲಿಸುವ ಪ್ರಸ್ತಾವವನ್ನೂ ಅದೇ ಇಪಿಎ ಮುಂದಿಟ್ಟಿತು. ಕೇಂದ್ರ ಸಡಿಲ ಮಾಡಿದ ಮಾತ್ರಕ್ಕೆ ರಾಜ್ಯದ 150 ತಾನಾಗಿ ಬದಲಾಗುವುದಿಲ್ಲ. ಪತ್ರಿಕೆಯಲ್ಲಿ ಸುದ್ದಿ ನೋಡಿ ಆರ್ಡರ್ ಬದಲಿಸಬೇಡಿ.

ಖರ್ಚಿಗೆ ಸರ್ಕಾರದ ಸಹಾಯ ಇದೆಯಾ?

2018ರ ಎಸ್‌ಬಿ 1013 ಕಾಯ್ದೆಯಿಂದ ಕಾರ್ಬ್‌ನ ಎಫ್-ಗ್ಯಾಸ್ (ಎಚ್‌ಎಫ್‌ಸಿಯಂಥ ಫ್ಲೋರಿನ್ ಇರುವ ಗ್ಯಾಸ್) ಪ್ರೋತ್ಸಾಹಧನ ಕಾರ್ಯಕ್ರಮ ಹುಟ್ಟಿತು. ಆಹಾರ ಸಂಸ್ಕರಣಾ ಘಟಕಗಳಿಗೆ ಕ್ಯಾಲಿಫೋರ್ನಿಯಾ ಎನರ್ಜಿ ಕಮಿಷನ್‌ನ ಫುಡ್ ಪ್ರೊಡಕ್ಷನ್ ಇನ್ವೆಸ್ಟ್‌ಮೆಂಟ್ ಪ್ರೋಗ್ರಾಂ ಅನುದಾನ ಕೊಟ್ಟಿದೆ. ಇವು ಬಜೆಟ್ ಬಂದಾಗ ತೆರೆದು, ಮುಗಿದಾಗ ಮುಚ್ಚುವಂಥವು. ಅನುದಾನ ಸಿಗುತ್ತದೆ ಎಂದು ನಂಬಿ ಕೆಲಸ ಶುರು ಮಾಡುವುದು ಬೇಡ. ವಿದ್ಯುತ್ ಕಂಪನಿಯ ರಿಯಾಯಿತಿ ಯೋಜನೆಗಳನ್ನೂ ಒಮ್ಮೆ ವಿಚಾರಿಸಿ.

ಮಾಲು ತಂಪಾಗಿಟ್ಟು ಸಾಗಿಸುವ ರೀಫರ್ ಟ್ರಕ್, ಡೈರಿಯ ಹಾಲಿನ ಟ್ಯಾಂಕ್?

ಈ ನಿಯಮ ಒಂದೇ ಕಡೆ ನಿಂತಿರುವ ಸಿಸ್ಟಂಗಳಿಗೆ. ಟ್ರಕ್ಕಿನ ಕೂಲಿಂಗ್ ಯೂನಿಟ್‌ಗೆ ಕಾರ್ಬ್‌ನದ್ದೇ ಬೇರೆ ನಿಯಮ ಇದೆ. ಹಾಲಿನ ಟ್ಯಾಂಕ್ ಚಿಲ್ಲರ್ ನಿಂತಿರುವಂಥದ್ದೇ. 50 ಪೌಂಡ್ ದಾಟುತ್ತದೆಯೇ ಎಂದು ನೋಡಿಕೊಳ್ಳಿ.

ಗೋದಾಮು ಮುಚ್ಚುತ್ತಿದ್ದೇವೆ. ಯಂತ್ರವನ್ನು ಗುಜರಿಗೆ ಕೊಡಬಹುದಾ?

ಗ್ಯಾಸ್ ತೆಗೆದ ಮೇಲೆ. ಪ್ರಮಾಣಪತ್ರ ಇರುವ ಟೆಕ್ನಿಷಿಯನ್ ರಿಕವರಿ ಯಂತ್ರ ಹಾಕಿ ಗ್ಯಾಸನ್ನು ಸಿಲಿಂಡರ್‌ಗೆ ಎಳೆಯಬೇಕು. ಖಾಲಿಯಾಯಿತು ಎಂದುಕೊಂಡ ಸಿಲಿಂಡರ್ ತಳದಲ್ಲೂ ಸ್ವಲ್ಪ ಗ್ಯಾಸ್ ಇರುತ್ತದೆ. ಅದನ್ನೂ ಎಳೆದ ಮೇಲೆಯೇ ಬಿಸಾಡಬೇಕು.

ತೆಗೆದ ಗ್ಯಾಸನ್ನು ಸುಮ್ನೆ ಕೊಟ್ಟುಬಿಡಬೇಡಿ. ಹೊಸ ಆರ್-404ಎ ಮಾರಾಟಕ್ಕೆ ತಡೆ ಬಿದ್ದಿರುವ ರಾಜ್ಯದಲ್ಲಿ ಅದಕ್ಕೆ ಬೆಲೆ ಇದೆ. ಬೇರೆ ಬೇರೆ ಗ್ಯಾಸನ್ನು ಒಂದೇ ಸಿಲಿಂಡರಿಗೆ ಬೆರೆಸದೆ, ತೂಕ ಬರೆಸಿ, ರಶೀದಿ ಪಡೆದು ರಿಕ್ಲೇಮ್ ಮಾಡುವವರಿಗೆ, ಅಂದರೆ ಶುದ್ಧ ಮಾಡಿ ಮರುಮಾರಾಟ ಮಾಡುವವರಿಗೆ ಕೊಡಿ. ಬೆರೆತರೆ ಅದನ್ನು ಶುದ್ಧ ಮಾಡುವುದು ಕಷ್ಟ, ಎಷ್ಟೋ ಸಲ ಸುಟ್ಟು ನಾಶ ಮಾಡಬೇಕಾಗುತ್ತದೆ. ಆಮೇಲೆ ಆರ್‌3ರಲ್ಲಿ ಸಿಸ್ಟಂ ಮುಚ್ಚಿದ್ದನ್ನು ದಾಖಲಿಸಿ. ಇಲ್ಲದಿದ್ದರೆ ಮುಂದಿನ ಮಾರ್ಚ್‌ನಲ್ಲಿ ವರದಿ ಎಲ್ಲಿ ಎಂದು ಪತ್ರ ಬರುತ್ತದೆ.